ಬೆಳ್ಳಿ ರೂಪಾಯಿಯ ಮೇಲಿನ ಗೆರೆ

ನಮ್ಮ ಊರಿನ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನೋ ದೇವರ ಕೋಣೆಯ ಕರಡಿಗೆಯನ್ನೋ ತೆರೆದು ನೋಡಿದರೆ ಒಂದೆರಡಾದರೂ ಬೆಳ್ಳಿಯ ರೂಪಾಯಿಗಳು ಸಿಗುವುದುಂಟು. ಕೆಲವು ಮನೆಗಳಲ್ಲಿ ಅವನ್ನು ಲಕ್ಷ್ಮೀಪೂಜೆಯ ದಿನ ಹರಿವಾಣದಲ್ಲಿಟ್ಟು ಪೂಜಿಸುತ್ತಾರೆ. ಕೆಲವು ಮನೆಗಳಲ್ಲಿ ಕಷ್ಟ ಬಂದಾಗ ಅಕ್ಕಸಾಲಿಗನ ಬಳಿಗೆ ಒಯ್ಯುತ್ತಾರೆ. ಆ ನಾಣ್ಯವನ್ನು ಭೂತಗನ್ನಡಿಯ ಕೆಳಗಿಟ್ಟು ನಿಧಾನವಾಗಿ ನೋಡಿದವರು ಮಾತ್ರ ಬಹಳ ಕಡಿಮೆ. ಕಳೆದ ಮಳೆಗಾಲದಲ್ಲಿ ನಮಗೆ ಹಾಗೆ ನೋಡಲೇಬೇಕಾದ ಸಂದರ್ಭವೊಂದು ಒದಗಿತು. ಅದರಿಂದ ನಾವು ಕಲಿತದ್ದನ್ನು ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬದಿಯಡ್ಕದ ಕಡೆಯಿಂದ ಬರುವ ನಮ್ಮ ಒಬ್ಬ ವಿದ್ಯಾರ್ಥಿಯ ಮನೆಯಲ್ಲಿ ಅಜ್ಜಿಯ ಬಳಿ ಹದಿನಾಲ್ಕು ಬೆಳ್ಳಿ ರೂಪಾಯಿಗಳಿದ್ದವು. ಅಕ್ಕನ ಕಾಲೇಜು ಫೀಸಿಗಾಗಿ ಅವನ್ನು ಮಾರುವುದೆಂದು ಮನೆಯವರು ನಿಶ್ಚಯಿಸಿದರು. ತಂದೆ ಅವನ್ನು ಒಂದು ಅಂಗಡಿಗೆ ಒಯ್ದಾಗ ಅಲ್ಲಿಯವರು ಎರಡು ನಾಣ್ಯಗಳನ್ನು ಬದಿಗೆ ಸರಿಸಿ, "ಇವು ಬಿರುಕು ಬಿಟ್ಟಿವೆ, ಎರಡರಲ್ಲಿಯೂ ಒಂದೇ ಕಡೆ ಗೆರೆ ಉಂಟು, ಕಳ್ಳ ರೂಪಾಯಿ ಆಗಿರಬೇಕು" ಎಂದರಂತೆ. ಎರಡು ಸಂಶಯದವು ಎಂದಾದ ಮೇಲೆ ಉಳಿದ ಹನ್ನೆರಡಕ್ಕೂ ಬೆಲೆ ಇಳಿಯಿತು. ತಂದೆ ಮಾರದೆ ಹಿಂತಿರುಗಿದರು. ಮರುದಿನ ಹುಡುಗನು ಬಟ್ಟೆಯ ಗಂಟನ್ನು ಶಾಲೆಗೆ ತಂದು, "ಇದು ನಿಜವೋ ಸುಳ್ಳೋ ನೋಡಿ ಹೇಳಬೇಕಂತೆ ಮಾಷ್ಟ್ರೇ" ಎಂದನು. ವಿಜ್ಞಾನ ಪ್ರಯೋಗಶಾಲೆಯ ಮೇಜಿನ ಮೇಲೆ ಹಳೆಯ ಸೀರೆಯ ತುಂಡೊಂದನ್ನು ಹಾಸಿ, ಅಧ್ಯಾಪಕರೂ ಒಂಬತ್ತನೆಯ ತರಗತಿಯ ಕೆಲವು ಮಕ್ಕಳೂ ಸೇರಿ ನಾವು ಕೆಲಸಕ್ಕೆ ತೊಡಗಿದೆವು.

ಈ ರೂಪಾಯಿಗಳು ಬಂದುದೆಲ್ಲಿಂದ?

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ನಮ್ಮ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಆಗ ಇಲ್ಲಿ ವರಹ, ಹಣ, ರೂಪಾಯಿ ಎಂದು ನಾನಾ ನಾಣ್ಯಗಳು ಓಡಾಡುತ್ತಿದ್ದವು. 1835ರಲ್ಲಿ ಕಂಪೆನಿಯು ಒಂದು ಕಾಯಿದೆ ಮಾಡಿ, ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ತೂಕದ, ಒಂದೇ ಶುದ್ಧತೆಯ ರೂಪಾಯಿಯನ್ನು ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ ಲೋಹ. ನಮ್ಮ ಹಿರಿಯರು 'ಒಂದು ತೊಲ' ಎನ್ನುತ್ತಿದ್ದುದೂ ಇದೇ ತೂಕವನ್ನು. ಪಂಡಿತರು ಮದ್ದು ಕೊಡುವಾಗ 'ಒಂದು ರೂಪಾಯಿ ತೂಕ' ಎಂದು ಹೇಳುತ್ತಿದ್ದುದಕ್ಕೂ ಇದೇ ಕಾರಣ. ಈ ಪ್ರಮಾಣವು ನೂರು ವರ್ಷಕ್ಕೂ ಹೆಚ್ಚು ಕಾಲ ಬದಲಾಗದೆ ಉಳಿಯಿತು. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ಬೆಳ್ಳಿಯೇ ಹೋಗಿ ನಿಕ್ಕಲಿನ ರೂಪಾಯಿ ಬಂದಿತು. ಕಾಸರಗೋಡು 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಡಿಕೆ, ಕಾಳುಮೆಣಸು ಮಾರಿದ ಹಣ ಈ ರೂಪಾಯಿಗಳ ರೂಪದಲ್ಲಿಯೇ ನಮ್ಮ ಮನೆಗಳಿಗೆ ಬರುತ್ತಿತ್ತು.

ಅಚ್ಚು ಎಂದರೇನು?

ಗೆರೆಯ ಗುಟ್ಟನ್ನು ತಿಳಿಯಬೇಕಾದರೆ ನಾಣ್ಯ ಹುಟ್ಟುವ ಕ್ರಮವನ್ನು ತಿಳಿದಿರಬೇಕು. ನಾವೆಲ್ಲರೂ ಅಚ್ಚುಬೆಲ್ಲವನ್ನು ಕಂಡವರು. ಅಚ್ಚಿನಲ್ಲಿ ತಗ್ಗಾಗಿದ್ದುದು ಬೆಲ್ಲದಲ್ಲಿ ಉಬ್ಬುತ್ತದೆ. ಅಚ್ಚಿನ ಮರ ಸೀಳಿದ್ದರೆ ಆ ಸೀಳಿನೊಳಕ್ಕೆ ಪಾಕ ಇಳಿದು, ಬೆಲ್ಲದ ಮೇಲೆ ಒಂದು ಉಬ್ಬುಗೆರೆ ಮೂಡುತ್ತದೆ. ಸೀಳಿರುವುದು ಅಚ್ಚಿನಲ್ಲಿ, ಬೆಲ್ಲದಲ್ಲಲ್ಲ.

ನಾಣ್ಯದಲ್ಲಿಯೂ ನಡೆಯುವುದು ಇದೇ. ಟಂಕಸಾಲೆಯಲ್ಲಿ ಗಟ್ಟಿ ಉಕ್ಕಿನ ಎರಡು ಅಚ್ಚುಗಳಿರುತ್ತವೆ. ಒಂದರಲ್ಲಿ ರಾಜನ ತಲೆ, ಇನ್ನೊಂದರಲ್ಲಿ ಬೆಲೆ ಮತ್ತು ವರ್ಷ, ಎರಡೂ ತಗ್ಗಾಗಿ, ತಲೆಕೆಳಗಾಗಿ ಅಲ್ಲ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಕೊರೆದಿರುತ್ತವೆ. ನಡುವೆ ಬೆಳ್ಳಿಯ ಬಿಲ್ಲೆಯನ್ನಿಟ್ಟು ಯಂತ್ರವು ಭಾರೀ ಒತ್ತಡದಿಂದ ಒಮ್ಮೆ ಹೊಡೆದರೆ ಬೆಳ್ಳಿ ಅಚ್ಚಿನ ತಗ್ಗುಗಳಿಗೆಲ್ಲ ಹರಿದು ತುಂಬಿಕೊಳ್ಳುತ್ತದೆ. ಒಂದೇ ಅಚ್ಚು ಸಾವಿರಾರು ಸಲ ಹೀಗೆ ಪೆಟ್ಟು ತಿನ್ನಬೇಕು. ಉಕ್ಕಾದರೂ ದಣಿಯುತ್ತದೆ. ಒಂದು ದಿನ ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬೀಳುತ್ತದೆ. ಸಾಮಾನ್ಯವಾಗಿ ಅದು ಅಂಚಿನಿಂದ ಹೊರಟು ಅಕ್ಷರಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ. ಮುಂದಿನ ಪೆಟ್ಟಿನಿಂದ ಹಿಡಿದು ಪ್ರತಿಯೊಂದು ನಾಣ್ಯದ ಮೇಲೂ ಆ ಬಿರುಕು ಉಬ್ಬುಗೆರೆಯಾಗಿ ಮೂಡುತ್ತದೆ. ಇದನ್ನೇ ಅಚ್ಚಿನ ಬಿರುಕು ಎನ್ನುತ್ತಾರೆ.

ಆದುದರಿಂದ ಮೊದಲ ಮತ್ತು ಮುಖ್ಯವಾದ ಪರೀಕ್ಷೆ ಇದು: ಗೆರೆ ಉಬ್ಬಿದೆಯೋ, ತಗ್ಗಿದೆಯೋ? ಉಬ್ಬಿದ್ದರೆ ಅದು ಟಂಕಸಾಲೆಯಲ್ಲಿಯೇ ಬಂದದ್ದಿರಬಹುದು. ತಗ್ಗಿದ್ದರೆ ಹೆಚ್ಚಿನ ಸಂದರ್ಭದಲ್ಲಿ ಅದು ಆಮೇಲೆ ಬಿದ್ದ ಗೀರು. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ನಾಣ್ಯವನ್ನು ಕಿಟಕಿಯ ಬಳಿ ಹಿಡಿದು, ಬೆಳಕು ಒಂದೇ ಬದಿಯಿಂದ ಓರೆಯಾಗಿ ಬೀಳುವಂತೆ ಮಾಡಬೇಕು. ಉಬ್ಬುಗೆರೆಯಾದರೆ ಬೆಳಕು ಬರುವ ಬದಿ ಹೊಳೆದು, ಆಚೆಯ ಬದಿಗೆ ನೆರಳು ಬೀಳುತ್ತದೆ. ಗೀರಾದರೆ ಇದಕ್ಕೆ ತಿರುಗುಮುರುಗು. ನಾಣ್ಯವನ್ನು ಮೆಲ್ಲನೆ ತಿರುಗಿಸುತ್ತಾ ನೋಡಿದರೆ ಸಂಶಯ ಉಳಿಯುವುದಿಲ್ಲ.

ಅಜ್ಜಿಯ ಎರಡು 'ಬಿರುಕು' ನಾಣ್ಯಗಳು ಐದನೆಯ ಜಾರ್ಜ್ ರಾಜನ 1918ರ ರೂಪಾಯಿಗಳು. ಎರಡರಲ್ಲಿಯೂ ಬಲಬದಿಯ ಅಂಚಿನಿಂದ ಹೊರಟ ಗೆರೆ 'ಎಂಪರರ್' ಎಂಬ ಪದದ ಕೊನೆಯ ಅಕ್ಷರವನ್ನು ದಾಟಿ ರಾಜನ ಭುಜದ ಕಡೆಗೆ ಸಾಗಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಎರಡೂ ಉಬ್ಬುಗೆರೆಗಳೇ. ನಾಣ್ಯ ಒಡೆದಿರಲಿಲ್ಲ. ಒಡೆದದ್ದು ನೂರು ವರ್ಷಗಳ ಹಿಂದಿನ ಒಂದು ಉಕ್ಕಿನ ಅಚ್ಚು.

ಒಂದೇ ಗೆರೆ ಎರಡು ನಾಣ್ಯಗಳಲ್ಲಿ ಹೇಗೆ?

ಆದರೂ ಅಂಗಡಿಯವರ ಸಂಶಯವನ್ನು ನಾವು ತಳ್ಳಿಹಾಕುವಂತಿರಲಿಲ್ಲ. ಕಳ್ಳ ನಾಣ್ಯ ಮಾಡುವವರು ಒಂದು ನಿಜವಾದ ನಾಣ್ಯದಿಂದ ಅಚ್ಚು ತೆಗೆದು ಅದರಲ್ಲಿ ಲೋಹವನ್ನು ಎರಕ ಹೊಯ್ಯುವುದುಂಟು. ಆಗ ಮೂಲದ ನಾಣ್ಯದಲ್ಲಿದ್ದುದೆಲ್ಲವೂ ಪ್ರತಿಯೊಂದು ನಕಲಿಗೂ ಬರುತ್ತದೆ. ಹಾಗಾದರೆ ಒಂದೇ ಗೆರೆಯಿರುವ ಎರಡು ನಾಣ್ಯಗಳನ್ನು ನಂಬುವುದು ಹೇಗೆ?

ಇಲ್ಲಿ ಸ್ವಲ್ಪ ಯೋಚಿಸಬೇಕು. ಅಚ್ಚಿನ ಬಿರುಕು ಅಚ್ಚಿಗೆ ಸೇರಿದ್ದು. ಆದುದರಿಂದ ಅದೇ ಅಚ್ಚಿನ ನಾಣ್ಯಗಳಲ್ಲಿ ಅದು ಸಮಾನವಾಗಿಯೇ ಇರುತ್ತದೆ. ಗೀರು, ತಗ್ಗು, ಸವಕಲುಗಳು ಒಂದೊಂದು ನಾಣ್ಯದ ಸ್ವಂತ ಕಥೆ. ಒಂದು ಕಲ್ಲಿನ ಮೇಲೆ ಬಿದ್ದಿರಬಹುದು, ಇನ್ನೊಂದು ಬೀಗದ ಕೈಗೆ ಉಜ್ಜಿರಬಹುದು. ಎರಡು ನಾಣ್ಯಗಳ ಗೀರುಗಳೂ ಒಂದೇ ಕಡೆ, ಒಂದೇ ಅಳತೆಯಲ್ಲಿ ಇದ್ದರೆ ಅವು ನಕಲಿ ಎಂದು ತಿಳಿಯಬೇಕು. ಬಿರುಕು ಒಂದೇ ಆಗಿದ್ದು ಗೀರುಗಳು ಬೇರೆಬೇರೆಯಾಗಿದ್ದರೆ ಅವು ಒಂದೇ ಅಚ್ಚಿನ ಒಡಹುಟ್ಟುಗಳು.

ನಾವು ಕಾಗದದ ಮೇಲೆ ಎರಡು ದೊಡ್ಡ ವೃತ್ತಗಳನ್ನು ಬರೆದು, ಗಡಿಯಾರದಂತೆ ಗಂಟೆಗಳನ್ನು ಗುರುತಿಸಿ, ಪ್ರತಿಯೊಂದು ಗುರುತನ್ನೂ ಅದರ ಜಾಗದಲ್ಲಿ ಬರೆದುಕೊಂಡೆವು. ಸಣ್ಣ ಗೀರುಗಳಲ್ಲಿ ಒಂದೂ ಹೊಂದಲಿಲ್ಲ. ಅಷ್ಟೇ ಅಲ್ಲ, ಒಂದು ನಾಣ್ಯದಲ್ಲಿ ಬಿರುಕು ಅಕ್ಷರವನ್ನು ದಾಟಿ ನಿಂತುಹೋಗಿತ್ತು. ಇನ್ನೊಂದರಲ್ಲಿ ಅದೇ ಬಿರುಕು ದಪ್ಪವಾಗಿ, ರಾಜನ ನಿಲುವಂಗಿಯೊಳಕ್ಕೂ ಹೋಗಿತ್ತು. ಅಂದರೆ ಮೊದಲಿನದು ಮೊದಲು ಹುಟ್ಟಿತು, ಎರಡನೆಯದು ಆ ಮೇಲೆ ಹುಟ್ಟಿತು. ಬಿರುಕು ಬೆಳೆಯುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ವರ್ಷ ಮಾತ್ರ ಬರೆದಿರುವ ನಾಣ್ಯದಲ್ಲಿ ಅಣ್ಣ ಯಾರು ತಮ್ಮ ಯಾರು ಎಂದು ಒಂದು ಗೆರೆ ಹೇಳಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಇನ್ನೊಂದು ವಿಷಯವೂ ಹೊಳೆಯಿತು. ಈ ಎರಡು ನಾಣ್ಯಗಳು ಉಳಿದವುಗಳಿಗಿಂತ ಬಹಳ ಕಡಿಮೆ ಸವೆದಿದ್ದವು. ಕೋಟಿಗಟ್ಟಲೆ ನಾಣ್ಯಗಳ ನಡುವೆ ಒಂದೇ ಅಚ್ಚಿನ ಎರಡು ಒಂದೇ ಮನೆಗೆ ಸೇರಬೇಕಾದರೆ ಅವು ಟಂಕಸಾಲೆಯಿಂದ ಹೊರಟ ಒಂದೇ ಚೀಲದಲ್ಲಿ ಕೂಡಿ ಬಂದು, ಹೆಚ್ಚು ಕೈ ಬದಲಾಗದೆ ಪೆಟ್ಟಿಗೆ ಸೇರಿರಬೇಕು. ಅಜ್ಜಿಯನ್ನು ಕೇಳಿಸಿದಾಗ, "ಅದು ನನ್ನ ಮಾವನವರು ಮಂಗಳೂರಿಗೆ ಅಡಿಕೆ ಕೊಂಡುಹೋಗಿ ತಂದ ಹಣ, ಅದನ್ನು ಮುಟ್ಟಬಾರದು ಹೇಳಿ ಇಟ್ಟದ್ದು" ಎಂದು ಹೇಳಿ ಕಳುಹಿಸಿದರು. ನಮ್ಮ ಊಹೆಗೆ ಅದು ಹೊಂದಿಕೆಯಾಯಿತು.

ಅಮೆರಿಕದ ಡಾಲರು, ನಮ್ಮ ರೂಪಾಯಿ

1918 ಎಂಬ ವರ್ಷಕ್ಕೆ ಒಂದು ವಿಶೇಷವಿದೆ. ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಬೆಳ್ಳಿಗೆ ಬರಗಾಲ ಬಂದು, 1917ರ ನವೆಂಬರ್ 30ರಂದು ಸರಕಾರವು ಮೊದಲ ಬಾರಿಗೆ ಒಂದು ರೂಪಾಯಿಯ ಕಾಗದದ ನೋಟನ್ನು ಹೊರಡಿಸಿತು. ಜನರು ಕಾಗದಕ್ಕಿಂತ ಬೆಳ್ಳಿಯನ್ನೇ ಬಯಸಿದರು. ಕೊನೆಗೆ 1918ರ ಏಪ್ರಿಲ್‌ನಲ್ಲಿ ಅಮೆರಿಕ ದೇಶವು ಪಿಟ್‌ಮನ್ ಕಾಯಿದೆಯನ್ನು ಮಾಡಿ ತನ್ನ ಖಜಾನೆಯಲ್ಲಿದ್ದ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರ ಬಹುಭಾಗ ಬ್ರಿಟಿಷರಿಗೆ ಮಾರಾಟವಾಗಿ, ರೂಪಾಯಿ ಟಂಕಿಸಲು ಭಾರತಕ್ಕೆ ಬಂದಿತು. ಅಡಿಕೆ ಮಾರಿ ತಂದ ಆ ರೂಪಾಯಿಯಲ್ಲಿ ಅಮೆರಿಕದ ಡಾಲರಿನ ಬೆಳ್ಳಿಯೂ ಸೇರಿರಬಹುದು!

ಆ ಡಾಲರುಗಳಲ್ಲಿ ಕರಗದೆ ಉಳಿದವನ್ನು ಅಮೆರಿಕದ ಸಂಗ್ರಾಹಕರು ಇಂದಿಗೂ ಅಚ್ಚು ಅಚ್ಚಾಗಿ ವಿಂಗಡಿಸುತ್ತಾರೆ. ವ್ಯಾನ್ ಆಲನ್ ಮತ್ತು ಮ್ಯಾಲಿಸ್ ಎಂಬ ಇಬ್ಬರು ತಯಾರಿಸಿದ ಪಟ್ಟಿಯಲ್ಲಿ ಒಂದೊಂದು ಬಿರುಕಿಗೂ ಒಂದೊಂದು ಅಂಕೆಯ ಸ್ಥಾನಭೇದಕ್ಕೂ ಸಂಖ್ಯೆಯುಂಟು. ನಮ್ಮ ದೇಶದಲ್ಲಿಯೂ ಬೆಳ್ಳಿ ಡಾಲರು ತಯಾರಾಗುತ್ತಿತ್ತು ಎಂದರೆ ಆಶ್ಚರ್ಯವಾದೀತು. 1895ರಿಂದ ಬೊಂಬಾಯಿ ಟಂಕಸಾಲೆಯಲ್ಲಿ ಪೂರ್ವ ದೇಶಗಳ ವ್ಯಾಪಾರಕ್ಕೆಂದು 'ಟ್ರೇಡ್ ಡಾಲರ್' ಎಂಬ ನಾಣ್ಯವನ್ನು ಟಂಕಿಸಿದರು. ಅದರಲ್ಲಿ ನಿಂತಿರುವ ಬ್ರಿಟಾನಿಯಾ ದೇವಿಯ ತ್ರಿಶೂಲದ ನಡುಮೊನೆಯಲ್ಲಿ ಬೊಂಬಾಯಿಯ 'ಬಿ' ಅಕ್ಷರ ಅಡಗಿದೆ. ಕೆಲವು ವರ್ಷಗಳಲ್ಲಿ ಹಳೆಯ ಅಚ್ಚನ್ನು ಬಿಸಾಡದೆ, ಹಳೆಯ ಅಂಕೆಯ ಮೇಲೆಯೇ ಹೊಸ ಅಂಕೆಯನ್ನು ಹೊಡೆದರು. 1909ರ ಕೆಲವು ಡಾಲರುಗಳಲ್ಲಿ 9ರ ಅಡಿಯಲ್ಲಿ 8 ಇಣುಕುತ್ತದೆ. ಇದೂ ಅಚ್ಚಿನ ಭೇದವೇ.

ಭೇದಗಳನ್ನು ಗುರುತಿಸುವುದು

ನಾಣ್ಯದ ಮೇಲೆ ಕಾಣುವುದನ್ನೆಲ್ಲ ನಾವು ಮೂರು ಗುಂಪುಗಳಾಗಿ ವಿಂಗಡಿಸಿಕೊಂಡೆವು.

ಮೊದಲನೆಯದು, ಬೇಕೆಂದೇ ಮಾಡಿದ ಭೇದ. 1835ರ ರೂಪಾಯಿಯಲ್ಲಿ ನಾಲ್ಕನೆಯ ವಿಲಿಯಂ ರಾಜನ ತಲೆಯಿದೆ. ಅವನ ಹೆಸರಿನ ಮುಂದಿನ ನಾಲ್ಕನ್ನು ರೋಮನ್ ಪದ್ಧತಿಯಲ್ಲಿ ನಾಲ್ಕು ಕಡ್ಡಿಗಳಾಗಿ ಬರೆದಿದ್ದಾರೆ. 1840ರ ರೂಪಾಯಿಯಲ್ಲಿ ವಿಕ್ಟೋರಿಯಾ ರಾಣಿಯ ಹೆಸರು ಒಂದು ಬಗೆಯಲ್ಲಿ ತಲೆಯ ಮೇಲಿಂದ ಎಡೆಬಿಡದೆ ಸಾಗುತ್ತದೆ. ಇನ್ನೊಂದು ಬಗೆಯಲ್ಲಿ 'ವಿಕ್ಟೋರಿಯಾ' ಒಂದು ಬದಿಗೆ, 'ಕ್ವೀನ್' ಇನ್ನೊಂದು ಬದಿಗೆ ಒಡೆದು ನಿಂತಿದೆ. ಹಿಂಬದಿಯ ಎಲೆಮಾಲೆಯಲ್ಲಿರುವ ಸಣ್ಣ ಹಣ್ಣುಗಳ ಸಂಖ್ಯೆಯೂ ಅಚ್ಚಿನಿಂದ ಅಚ್ಚಿಗೆ ಬೇರೆಯಾಗಿದೆ. 1840 ಎಂಬ ವರ್ಷವನ್ನು ಬದಲಾಯಿಸದೆ ಸುಮಾರು ಇಪ್ಪತ್ತು ವರ್ಷ ಟಂಕಿಸಿದ್ದರಿಂದ ಇಂಥ ಸಣ್ಣ ಗುರುತುಗಳೇ ಕಾಲವನ್ನು ಹೇಳಬೇಕು. 1862ರ ರೂಪಾಯಿಯ ಕಥೆಯೂ ಅದೇ. ಆ ವರ್ಷವನ್ನು ಹೊತ್ತ ನಾಣ್ಯಗಳನ್ನು ಹತ್ತಕ್ಕೂ ಹೆಚ್ಚು ವರ್ಷ ಟಂಕಿಸಿದರು. ಬೊಂಬಾಯಿಯವರು ನಿಜವಾದ ವರ್ಷವನ್ನು ಸೂಚಿಸಲು ಹಿಂಬದಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳನ್ನು ಇಟ್ಟರು. 1877ರಲ್ಲಿ ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು ಘೋಷಿತಳಾದ ಮೇಲೆ 'ಕ್ವೀನ್' ಹೋಗಿ 'ಎಂಪ್ರೆಸ್' ಬಂದಿತು.

ಇನ್ನು 1911ರ ರೂಪಾಯಿ. ಐದನೆಯ ಜಾರ್ಜನ ನಿಲುವಂಗಿಯ ಮೇಲೆ ಪದಕಮಾಲೆಯ ಒಂದು ಸಣ್ಣ ಆನೆಯಿದೆ. ಆ ವರ್ಷದ ಅಚ್ಚಿನಲ್ಲಿ ಅದರ ಸೊಂಡಿಲು ಗಿಡ್ಡವಾಗಿ, ಆನೆಯ ಬದಲು ಹಂದಿಯಂತೆ ಕಂಡಿತು. ಮುಸ್ಲಿಂ ಪ್ರಜೆಗಳು ಆಕ್ಷೇಪಿಸಿದರು. ಸರಕಾರ ನಾಣ್ಯವನ್ನು ಹಿಂತೆಗೆದುಕೊಂಡು, 1912ರಿಂದ ಸೊಂಡಿಲನ್ನು ಸರಿಪಡಿಸಿತು. ಕೂದಲೆಳೆಯಷ್ಟು ವ್ಯತ್ಯಾಸವೂ ಒಂದು ಸಾಮ್ರಾಜ್ಯವನ್ನು ತಲೆಬಾಗಿಸಬಲ್ಲುದು ಎಂಬುದಕ್ಕೆ ಇದೊಂದು ನಿದರ್ಶನ. ಅಜ್ಜಿಯ ಗಂಟಿನಲ್ಲಿ ಇಂಥದೊಂದು ರೂಪಾಯಿ ಇತ್ತು.

ಟಂಕಸಾಲೆಯ ಗುರುತುಗಳೂ ಈ ಗುಂಪಿಗೇ ಸೇರುತ್ತವೆ. ಎಂಪ್ರೆಸ್ ರೂಪಾಯಿಗಳ ಹಿಂಬದಿಯ ತಳದಲ್ಲಿ ಬೊಂಬಾಯಿಗೆ 'ಬಿ', ಕಲ್ಕತ್ತೆಗೆ 'ಸಿ' ಎಂಬ ಅತಿ ಸಣ್ಣ ಅಕ್ಷರಗಳನ್ನು ಹಲವು ನಾಣ್ಯಗಳಲ್ಲಿ ಕಾಣಬಹುದು. ಜಾರ್ಜ್ ರಾಜನ ರೂಪಾಯಿಗಳಲ್ಲಿ ತಳದ ಹೂವಿನ ಬಳಿ ಚುಕ್ಕೆಯಿದ್ದರೆ ಬೊಂಬಾಯಿ, ಏನೂ ಇಲ್ಲದಿದ್ದರೆ ಕಲ್ಕತ್ತ. ಇಂದಿನ ನಾಣ್ಯಗಳಲ್ಲಿಯೂ ಈ ಪದ್ಧತಿ ಇದೆ. ವರ್ಷದ ಕೆಳಗೆ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಎರಡನೆಯದು, ಅಚ್ಚಿಗೆ ಆದ ಆಕಸ್ಮಿಕ. ಬಿರುಕು ಇದರಲ್ಲಿ ಒಂದು. ಬಿರುಕು ಬೆಳೆದು ಅಂಚಿನ ತುಂಡೇ ಹಾರಿಹೋದರೆ ನಾಣ್ಯದ ಅಂಚಿನಲ್ಲಿ ಅಕ್ಷರವಿಲ್ಲದ ಒಂದು ಗಂಟು ಉಬ್ಬುತ್ತದೆ. ನಡುವೆ ಬಿಲ್ಲೆ ಬೀಳದೆ ಅಚ್ಚಿಗೆ ಅಚ್ಚೇ ಹೊಡೆದರೆ, ಒಂದು ಬದಿಯ ಚಿತ್ರದ ಛಾಯೆ ಇನ್ನೊಂದು ಬದಿಗೆ ಅಂಟಿ, ರಾಜನ ಮುಖದ ಮುಂದೆ ಎಲೆಬಳ್ಳಿಯ ನೆರಳು ಕಾಣುತ್ತದೆ. ಅಚ್ಚಿನ ಅಕ್ಷರದಲ್ಲಿ ಎಣ್ಣೆ, ಕಸ ತುಂಬಿದ್ದರೆ ಆ ಅಕ್ಷರ ಮಸುಕಾಗುತ್ತದೆ ಅಥವಾ ಮಾಯವಾಗುತ್ತದೆ.

ಮೂರನೆಯದು, ಟಂಕಸಾಲೆಯಿಂದ ಹೊರಬಂದ ಮೇಲೆ ಆದ ಗಾಯ. ಸರಾಫರು ಬೆಳ್ಳಿಯನ್ನು ಪರೀಕ್ಷಿಸಲು ಹೊಡೆದ ಸಣ್ಣ ಮುದ್ರೆಗಳು, ಸರಕ್ಕೆ ಪೋಣಿಸಲು ಕೊರೆದ ತೂತು, ಕೊಂಡಿ ಬೆಸೆದ ಕಲೆ, ಗೀರು, ತಗ್ಗು ಇವೆಲ್ಲ ಇಲ್ಲಿಗೆ ಸೇರುತ್ತವೆ. ಅಜ್ಜಿಯ ಮೂರು 1862ರ ರೂಪಾಯಿಗಳಲ್ಲಿ ಎರಡಕ್ಕೆ ಅಂಚಿನಲ್ಲಿ ಕೊಂಡಿಯ ಕಲೆಯಿತ್ತು. ಯಾವುದೋ ಕಾಲದಲ್ಲಿ ಅವು ಯಾರದೋ ಕೊರಳಲ್ಲಿದ್ದುವು.

ತಕ್ಕಡಿಯ ಸಾಕ್ಷಿ

ಕಣ್ಣು ಹೇಳಿದ್ದನ್ನು ತೂಕದಿಂದಲೂ ಪರೀಕ್ಷಿಸಬೇಕು. ಇದಕ್ಕೆ ಶಾಲೆಯ ಆರ್ಕಿಮಿಡೀಸನ ಪಾಠವೇ ಸಾಕು. ನಾಣ್ಯವನ್ನು ಮೊದಲು ಗಾಳಿಯಲ್ಲಿ ತೂಗಬೇಕು. ಆಮೇಲೆ ಸಪುರ ನೂಲಿನಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿನ ತೂಕವನ್ನು, ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಲೋಹದ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಈ ರೂಪಾಯಿಯ ಬೆಳ್ಳಿಗೆ ಅದು ಸುಮಾರು 10.3 ಇರಬೇಕು.

1918ರ ಒಂದು ರೂಪಾಯಿ ಗಾಳಿಯಲ್ಲಿ 11.64 ಗ್ರಾಂ, ನೀರಿನಲ್ಲಿ 10.51 ಗ್ರಾಂ ತೂಗಿತು. ಕಡಿಮೆಯಾದದ್ದು 1.13. ಭಾಗಿಸಿದರೆ 10.3. ಅದರ ಜೊತೆಯದೂ ಹೀಗೆಯೇ ಬಂದಿತು. ಎರಡೂ ನಿಜ ಎಂದು ನಾವು ಧೈರ್ಯದಿಂದ ಹೇಳಬಹುದಾಗಿತ್ತು.

ಆದರೆ ತಕ್ಕಡಿ ನಾವು ಕೇಳದ ಇನ್ನೊಂದು ಮಾತನ್ನೂ ಹೇಳಿತು. ಯಾರೂ ಸಂಶಯಪಡದಿದ್ದ 1901ರ ಒಂದು ರೂಪಾಯಿ ಗಾಳಿಯಲ್ಲಿ 9.94 ಗ್ರಾಂ ಮಾತ್ರ ತೂಗಿತು. ನೀರಿನಲ್ಲಿ 8.79. ಭಾಗಿಸಿದರೆ 8.6. ಬೆಳ್ಳಿ ಎಷ್ಟು ಸವೆದರೂ ಅದರ ಸಾಂದ್ರತೆ ಬದಲಾಗದು. ಭೂತಗನ್ನಡಿಯಲ್ಲಿ ಮತ್ತೆ ನೋಡಿದಾಗ ಮೈಮೇಲೆ ಗುಳ್ಳೆಯೊಡೆದಂತೆ ಸಣ್ಣ ತೂತುಗಳು, ಸಾಬೂನಿನಂತೆ ಕರಗಿದ ಅಕ್ಷರಗಳು, ಅಂಚಿನಲ್ಲಿ ಎರಕದ ಸಂದು ಕಂಡವು. ಗೆರೆಯಿದ್ದ ಎರಡು ನಿಜ, ಗೆರೆಯಿಲ್ಲದ ಒಂದು ಸುಳ್ಳು!

ನಮ್ಮ ತಪ್ಪು

ನಾವು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಿಬಿಡಬೇಕು. 1862ರ ಮೂರರಲ್ಲಿ ಕೊಂಡಿಯ ಕಲೆಯಿದ್ದ ಒಂದರ ಮೇಲೆ ಕಪ್ಪು ಕಟ್ಟಿತ್ತು. ಚುಕ್ಕೆಗಳು ಕಾಣಲೆಂದು ನಾವು ಹುಣಸೆಹುಳಿ ಮತ್ತು ಬೂದಿಯಿಂದ ಅದನ್ನು ತಿಕ್ಕಿದೆವು. ನಾಣ್ಯ ಬೆಳಗಿತು. ಆದರೆ ಮೊದಲೇ ಸವೆದಿದ್ದ ಚುಕ್ಕೆ ಬೂದಿಯ ಉಜ್ಜುವಿಕೆಗೆ ಇನ್ನಷ್ಟು ಮಸುಕಾಯಿತು. ಮೈತುಂಬ ಸಣ್ಣ ಗೀರುಗಳು ಬಿದ್ದವು. ಇತರ ಎರಡನ್ನು ನಾವು ಮುಟ್ಟಲಿಲ್ಲ. ಬೆಳ್ಳಿಯ ಮೇಲಿನ ಕಪ್ಪು ಒಂದು ತೆಳ್ಳನೆಯ ಹೊದಿಕೆ, ಅದರಿಂದ ನಾಣ್ಯಕ್ಕೆ ಕೇಡಿಲ್ಲ. ಹಳೆಯ ನಾಣ್ಯವನ್ನು ಹುಳಿ, ಬೂದಿ, ಹಲ್ಲುಪುಡಿ ಇತ್ಯಾದಿಗಳಿಂದ ಎಂದೂ ತಿಕ್ಕಬಾರದು. ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕೆಳಗೆ ಬಟ್ಟೆ ಹಾಸಿರಬೇಕು. ಒಂದರ ಮೇಲೊಂದು ಉಜ್ಜದಂತೆ ಬೇರೆ ಬೇರೆ ಕಾಗದದ ಲಕೋಟೆಗಳಲ್ಲಿಡಬೇಕು.

ಪೋಷಕರಿಗೆ ಎರಡು ಮಾತು

ಅಚ್ಚಿನ ಬಿರುಕು ಇದ್ದ ಮಾತ್ರಕ್ಕೆ ನಾಣ್ಯಕ್ಕೆ ದೊಡ್ಡ ಬೆಲೆ ಬರುವುದಿಲ್ಲ. ಅದು ತಿಳಿವಿನ ವಸ್ತು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎಂದು ಫೋನಿನಲ್ಲಿ ಹೇಳುವವರನ್ನು ನಂಬಬಾರದು. ತನ್ನ ಹೆಸರಿನಲ್ಲಿ ಇಂಥ ಮೋಸ ನಡೆಯುತ್ತಿದೆ, ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ. ಹಾಗೆಂದು 'ಒಡಕು' ಎಂಬ ಮಾತಿಗೆ ಹೆದರಿ ಅರ್ಧ ಬೆಲೆಗೆ ಕೊಡುವುದೂ ಬೇಡ. ತೂಗಿಸಿ, ನೋಡಿಸಿ, ಆಮೇಲೆ ನಿರ್ಧರಿಸಿರಿ.

ಮಣ್ಣಿನಲ್ಲಿ ಸಿಕ್ಕಿದ ನಿಧಿಯ ವಿಷಯ ಬೇರೆ. ತೋಟದಲ್ಲಿ ಹೊಂಡ ತೋಡುವಾಗ ನಾಣ್ಯಗಳ ಗಡಿಗೆ ಸಿಕ್ಕಿದರೆ ಕಾನೂನಿನ ಪ್ರಕಾರ ಸರಕಾರಕ್ಕೆ ತಿಳಿಸಬೇಕು. 2024ರ ಜುಲೈಯಲ್ಲಿ ನೆರೆಯ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಮಳೆನೀರಿನ ಹೊಂಡ ತೋಡುತ್ತಿದ್ದ ಉದ್ಯೋಗ ಖಾತರಿ ಯೋಜನೆಯ ಕೆಲಸದವರಿಗೆ ಹಳೆಯ ಒಡವೆ, ನಾಣ್ಯಗಳು ಸಿಕ್ಕಿದಾಗ ಅವರು ಅದನ್ನು ಹಂಚಿಕೊಳ್ಳದೆ ಅಧಿಕಾರಿಗಳಿಗೆ ಒಪ್ಪಿಸಿದರು. ಅದು ಮೆಚ್ಚತಕ್ಕ ನಡತೆ.

ವಿದ್ಯಾರ್ಥಿಗಳಿಗೆ ಬೆಳ್ಳಿಯೇ ಬೇಕೆಂದಿಲ್ಲ. ಕಿಸೆಯಲ್ಲಿರುವ ಒಂದು, ಎರಡು ರೂಪಾಯಿಯ ಉಕ್ಕಿನ ನಾಣ್ಯಗಳನ್ನು ಓರೆ ಬೆಳಕಿನಲ್ಲಿ ನೋಡಿರಿ. ಹತ್ತು ನಾಣ್ಯಗಳ ಟಂಕಸಾಲೆಯ ಗುರುತನ್ನು ಬರೆದಿಡಿರಿ. ಉಬ್ಬುಗೆರೆ ಕಂಡರೆ ಚಿತ್ರ ಬರೆಯಿರಿ. ಸಣ್ಣ ಗುರುತುಗಳನ್ನು ತಾಳ್ಮೆಯಿಂದ ನೋಡುವ ಅಭ್ಯಾಸ ಎಲ್ಲಿಗೆ ಒಯ್ಯುವುದೆಂದು ಹೇಳಲಾಗದು. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬವನು ಹಳೆಯ ನಾಣ್ಯಗಳನ್ನೂ ಶಾಸನಗಳನ್ನೂ ಹಾಗೆ ನೋಡುತ್ತಾ ಹೋಗಿ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದನು. ಅಶೋಕನ ಮಾತು ಮತ್ತೆ ಜಗತ್ತಿಗೆ ಕೇಳಿಸಿದ್ದು ಹಾಗೆ.

ಅಜ್ಜಿಯ ಗಂಟು ಕೊನೆಗೆ ಏನಾಯಿತು ಎಂದು ಓದುಗರು ಕೇಳಬಹುದು. ಹದಿಮೂರು ನಿಜ, ಒಂದು ಸುಳ್ಳು ಎಂದು ನಾವು ಬರೆದುಕೊಟ್ಟೆವು. ತಂದೆ ಎಂಟು ನಾಣ್ಯಗಳನ್ನು ಬೇರೊಂದು ಕಡೆ ತೂಕಕ್ಕೆ ಸರಿಯಾದ ಬೆಲೆಗೆ ಮಾರಿ ಫೀಸು ಕಟ್ಟಿದರು. ಮಾರುವ ಮೊದಲು ಮಕ್ಕಳು ಎಂಟರ ಚಿತ್ರವನ್ನೂ ಬರೆದಿಟ್ಟುಕೊಂಡಿದ್ದಾರೆ. 1840ರದು, ಚುಕ್ಕೆ ಕಾಣುವ 1862ರದು, ಗಿಡ್ಡ ಸೊಂಡಿಲಿನ 1911ರದು ಮತ್ತು 1918ರ ಜೋಡಿ ಮನೆಯಲ್ಲಿಯೇ ಉಳಿದವು.

ಸುಳ್ಳು ರೂಪಾಯಿಯ ವಿಷಯವನ್ನು ಅಜ್ಜಿಗೆ ಹೇಳುವುದು ಹೇಗೆಂದು ನಮಗೆ ಹಿಂಜರಿಕೆಯಾಗಿತ್ತು. ಹೇಳಿದೆವು. ಅವರು ಅದನ್ನು ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿ, "ಪಾಪ, ಮಾವನವರಿಗೆ ಯಾರೋ ಮೋಸ ಮಾಡಿದ್ದು. ಅವರಿಗೆ ಗೊತ್ತಾಗದ್ದೇ ಒಳ್ಳೆಯದಾಯಿತು. ಇದನ್ನು ಬಿಸಾಡುವುದು ಬೇಡ ಮಗಾ, ಅದರ ಒಟ್ಟಿಗೇ ಇರಲಿ" ಎಂದರು. ಈಗ ಆ ಆರೂ ನಾಣ್ಯಗಳು ಬೇರೆಬೇರೆ ಲಕೋಟೆಗಳಲ್ಲಿ, ಹೆಸರು ಬರೆಸಿಕೊಂಡು, ಅದೇ ಮರದ ಪೆಟ್ಟಿಗೆಯಲ್ಲಿವೆ. ಆರನೆಯ ಲಕೋಟೆಯ ಮೇಲೆ ಹುಡುಗನು ದುಂಡಗಿನ ಅಕ್ಷರಗಳಲ್ಲಿ, 'ಎರಕದ ನಕಲು, ಮುತ್ತಜ್ಜ ಅಡಿಕೆಗೆ ಪಡೆದದ್ದು' ಎಂದು ಬರೆದಿದ್ದಾನೆ.